ಬೈಗುಳವಾಗಿಬಿಟ್ಟ ಒಂದು ಖಂಡ

2024ರ ಮೇ 7ರಂದು ಕರ್ನಾಟಕದಲ್ಲಿ ಲೋಕಸಭಾ ಚುನಾವಣೆಯ ಎರಡನೆಯ ಹಂತದ ಮತದಾನ ಮುಗಿಯಿತು. ಮರುದಿನವೇ ದಕ್ಷಿಣ ಭಾರತೀಯರ ಚರ್ಮದ ಬಣ್ಣ ದೇಶದ ದೊಡ್ಡ ರಾಜಕೀಯ ಸುದ್ದಿಯಾಯಿತು. ಇಂಡಿಯನ್ ಓವರ್‌ಸೀಸ್ ಕಾಂಗ್ರೆಸ್‌ನ ಅಧ್ಯಕ್ಷರಾಗಿದ್ದ ಸ್ಯಾಮ್ ಪಿತ್ರೋಡಾ ಅವರು 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ ನೀಡಿದ್ದ ಸಂದರ್ಶನದ ಒಂದು ತುಣುಕು ಅಂದು ಎಲ್ಲೆಡೆ ಹರಿದಾಡಿತು. ಪೂರ್ವದ ಜನ ಚೀನೀಯರಂತೆ, ಪಶ್ಚಿಮದವರು ಅರಬರಂತೆ, ಉತ್ತರದವರು ಬಿಳಿಯರಂತೆ, ದಕ್ಷಿಣದವರು ಆಫ್ರಿಕನ್ನರಂತೆ ಕಾಣುತ್ತಾರೆ, ಆದರೂ ನಾವೆಲ್ಲ ಸೋದರ ಸೋದರಿಯರು ಎಂಬುದು ಅವರ ಮಾತಿನ ಸಾರಾಂಶ.

ಇನ್ನೂ ಮತದಾನ ಬಾಕಿಯಿದ್ದ ತೆಲಂಗಾಣದ ವಾರಂಗಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ತಮಗೆ ತೀವ್ರ ಕೋಪ ಬಂದಿದೆ ಎಂದರು. ಚರ್ಮದ ಬಣ್ಣದ ಆಧಾರದಲ್ಲಿ ದೇಶವಾಸಿಗಳನ್ನು ಅವಮಾನಿಸಿದರೆ ಸಹಿಸಲಾಗದು ಎಂದು ಗುಡುಗಿದರು. ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗುವುದನ್ನು ಕಾಂಗ್ರೆಸ್ ವಿರೋಧಿಸಿದ್ದಕ್ಕೂ ಅವರ ಬಣ್ಣವೇ ಕಾರಣ ಎಂದು ಸೇರಿಸಿದರು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ತಾನು ದಕ್ಷಿಣ ಭಾರತದವಳು, ಭಾರತೀಯಳಂತೆಯೇ ಕಾಣುತ್ತೇನೆ ಎಂದು ಉತ್ತರ ಕೊಟ್ಟರು. ಹೋಲಿಕೆಗಳು ದುರದೃಷ್ಟಕರ, ಅವು ಪಕ್ಷದ ಅಭಿಪ್ರಾಯವಲ್ಲ ಎಂದು ಕಾಂಗ್ರೆಸ್ ಕೈ ತೊಳೆದುಕೊಂಡಿತು. ಸಂಜೆಯೊಳಗೆ ಪಿತ್ರೋಡಾ ರಾಜೀನಾಮೆ ಕೊಟ್ಟಾಗಿತ್ತು.

ಕಾಂಗ್ರೆಸ್ ಪಾಳಯದ ಬಳಿಯೂ ಅಸ್ತ್ರವಿಲ್ಲದಿರಲಿಲ್ಲ. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕನ್ ವಿದ್ಯಾರ್ಥಿಗಳ ಮೇಲೆ ಗುಂಪುಗಳು ಹಲ್ಲೆ ನಡೆಸಿದ ನಂತರ ಅಲ್ ಜಝೀರಾ ವಾಹಿನಿಯ ಚರ್ಚೆಯೊಂದರಲ್ಲಿ ಬಿಜೆಪಿಯ ಮಾಜಿ ರಾಜ್ಯಸಭಾ ಸದಸ್ಯ ತರುಣ್ ವಿಜಯ್ ಭಾಗವಹಿಸಿದ್ದರು. ಭಾರತೀಯರು ಜನಾಂಗ ದ್ವೇಷಿಗಳಲ್ಲ ಎಂದು ಸಾಧಿಸಲು ಅವರು ಮುಂದಿಟ್ಟ ವಾದ ಹೀಗಿತ್ತು: ನಾವು ಹಾಗಿದ್ದಿದ್ದರೆ ಇಡೀ ದಕ್ಷಿಣದೊಂದಿಗೆ, ಅಂದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರದವರೊಂದಿಗೆ ಹೇಗೆ ಬಾಳುತ್ತಿದ್ದೆವು? ನಮ್ಮ ಸುತ್ತಲೂ ಕಪ್ಪು ಜನರಿದ್ದಾರಲ್ಲ? ಕರ್ನಾಟಕದ ಹೆಸರೂ ಆ ಪಟ್ಟಿಯಲ್ಲಿತ್ತು ಎಂಬುದನ್ನು ಕನ್ನಡಿಗರು ಮರೆಯಬಾರದು. ತಿರುವಳ್ಳುವರ್ ಪ್ರತಿಮೆಯನ್ನು ಹರಿದ್ವಾರಕ್ಕೆ ಕೊಂಡೊಯ್ದ, ತಮಿಳಿನ ಅಭಿಮಾನಿ ಎನಿಸಿಕೊಂಡಿದ್ದ ವ್ಯಕ್ತಿಯ ಬಾಯಿಂದ ಈ ಮಾತು ಬಂದಿತ್ತು.

ಆಗ ಲೋಕಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದವರು ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ. ದಕ್ಷಿಣದವರೇನು ಈ ದೇಶದ ಪ್ರಜೆಗಳಲ್ಲವೇ ಎಂಬ ಪ್ರಶ್ನೆ ಸದನದಲ್ಲಿ ಮೊಳಗಿತು. ಹೇಳಿದವರು ಕ್ಷಮೆ ಕೇಳಿಯಾಗಿದೆ, ಬಣ್ಣದ ಆಧಾರದಲ್ಲಿ ಇಲ್ಲಿ ಭೇದಭಾವಕ್ಕೆ ಅವಕಾಶವಿಲ್ಲ ಎಂದು ಗೃಹ ಸಚಿವ ರಾಜನಾಥ್ ಸಿಂಗ್ ಉತ್ತರಿಸಿದರು. ಅಲ್ಲಿಗೆ ವಿಷಯ ಮುಗಿಯಿತು. ಮುಂದೆ ತರುಣ್ ವಿಜಯ್ ಅವರು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅಧ್ಯಕ್ಷರಾದರು. ಇತ್ತ ಪಿತ್ರೋಡಾ ಅವರ ವನವಾಸವೂ ದೀರ್ಘವಾಗಲಿಲ್ಲ. ಮೇ 8ಕ್ಕೆ ಹೋದವರು ಫಲಿತಾಂಶ ಬಂದ ಮೇಲೆ ಜೂನ್ 26ಕ್ಕೆ ಅದೇ ಕುರ್ಚಿಗೆ ಮರಳಿದರು. ಅವರನ್ನು ಮರಳಿ ನೇಮಿಸಿದ ಪಕ್ಷದ ಅಧ್ಯಕ್ಷರು, 2017ರಲ್ಲಿ ಸದನದಲ್ಲಿ ನಿಂತು ನ್ಯಾಯ ಕೇಳಿದ್ದ ಅದೇ ಖರ್ಗೆಯವರು.

ಇಬ್ಬಂದಿತನದ ಆರೋಪ ಎರಡೂ ಕಡೆಗೆ ತಕ್ಕುದಾಗಿಯೇ ಹೊಂದುತ್ತದೆ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಹುಡುಕುವ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಆದರೆ ನಾವು ಇಲ್ಲಿಗೇ ನಿಂತುಬಿಟ್ಟರೆ ಪಕ್ಷಗಳ ಆಟವನ್ನೇ ನಾವೂ ಆಡಿದಂತೆ. ಏಕೆಂದರೆ 'ನಿಮ್ಮವರೂ ಹೇಳಿದ್ದಾರಲ್ಲ' ಎಂಬುದು ನಮ್ಮ ರಾಜಕೀಯದಲ್ಲಿ ಆರೋಪವಾಗಿ ಉಳಿದಿಲ್ಲ. ಅದೊಂದು ರಸೀದಿ. ಎರಡೂ ಪಕ್ಷಗಳು ರಸೀದಿಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿರುತ್ತವೆ. ತಮ್ಮವನು ನಾಲಿಗೆ ಜಾರಿದ ದಿನ ಅದನ್ನು ತೆಗೆದು ತೋರಿಸಿದರೆ ಲೆಕ್ಕ ಚುಕ್ತಾ. ಅವಮಾನಿತನಾದವನು ಮಾತ್ರ ಈ ಲೆಕ್ಕಪತ್ರದ ಯಾವ ಪುಟದಲ್ಲೂ ಕಾಣಿಸುವುದಿಲ್ಲ.

ಎರಡು ಹೇಳಿಕೆಗಳನ್ನೂ ಪಕ್ಷದ ಕನ್ನಡಕ ತೆಗೆದಿಟ್ಟು ಓದಿದರೆ ಒಂದು ಸೋಜಿಗ ಎದ್ದು ಕಾಣುತ್ತದೆ. ಇಬ್ಬರೂ ಬಯ್ಯಲು ಹೊರಟವರಲ್ಲ. ಇಬ್ಬರೂ ಭಾರತವನ್ನು ಹೊಗಳಲು ಹೊರಟವರು. ಒಬ್ಬರು ನಮ್ಮಲ್ಲಿ ಜನಾಂಗ ದ್ವೇಷವಿಲ್ಲ ಎನ್ನಲು, ಇನ್ನೊಬ್ಬರು ನಮ್ಮಲ್ಲಿ ವೈವಿಧ್ಯವಿದೆ ಎನ್ನಲು. ಇಬ್ಬರಿಗೂ ಪುರಾವೆಯಾಗಿ ಬೇಕಾದದ್ದು ಕಪ್ಪು ಮೈಬಣ್ಣ. 'ನಾವು ಅವರೊಂದಿಗೆ ಬಾಳುತ್ತಿದ್ದೇವೆ' ಎಂಬ ವಾಕ್ಯದಲ್ಲಿ 'ನಾವು' ಯಾರು, 'ಅವರು' ಯಾರು? ಬಾಳಗೊಡುವ ಔದಾರ್ಯ ಯಾರದು, ಬಾಳುವ ಋಣ ಯಾರದು? ಬೈಗುಳವನ್ನು ಗುರುತಿಸುವುದು ಸುಲಭ. ಹೊಗಳಿಕೆಯೊಳಗೆ ಅವಿತು ಕುಳಿತ ಯಜಮಾನಿಕೆಯನ್ನು ಗುರುತಿಸುವುದು ಕಷ್ಟ. ಆ ಯಜಮಾನಿಕೆ ಎರಡೂ ಪಕ್ಷಗಳಲ್ಲಿ ಒಂದೇ ಭಾಷೆಯಲ್ಲಿ ಮಾತಾಡಿತು.

ಅದಕ್ಕಿಂತಲೂ ನಮ್ಮನ್ನು ಹೆಚ್ಚು ಕಾಡುವುದು ಹೇಳಿಕೆಗಳಲ್ಲ, ಅವಕ್ಕೆ ಬಂದ ಕೋಪ. ದಕ್ಷಿಣದವರನ್ನು ಆಫ್ರಿಕನ್ನರಿಗೆ ಹೋಲಿಸಿದ್ದು ಅವಮಾನ ಎಂದು ಇಡೀ ದೇಶ ಒಕ್ಕೊರಲಿನಿಂದ ಹೇಳಿತು. ಬಿಜೆಪಿ ಹೇಳಿತು, ಕಾಂಗ್ರೆಸ್ ತಲೆ ತಗ್ಗಿಸಿ ಒಪ್ಪಿತು. ಜನರನ್ನು ಮುಖ ನೋಡಿ ದಿಕ್ಕುಗಳಿಗೆ ಹಂಚುವುದು ಒರಟುತನ, ಅಜ್ಞಾನ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವಾಕ್ಯದಲ್ಲಿ ಉತ್ತರದವರನ್ನು ಬಿಳಿಯರಿಗೂ ಹೋಲಿಸಲಾಗಿತ್ತು. ಬಿಳಿಯರಂತಿದ್ದೀರಿ ಎಂದದ್ದಕ್ಕೆ ಉತ್ತರದಲ್ಲಿ ಯಾರಾದರೂ ಬೀದಿಗಿಳಿದರೇ? ಒಂದೇ ವಾಕ್ಯದ ನಾಲ್ಕು ಹೋಲಿಕೆಗಳಲ್ಲಿ ಯಾವುದು ಚುಚ್ಚಿತು, ಯಾವುದು ಚುಚ್ಚಲಿಲ್ಲ ಎಂಬುದನ್ನು ಗಮನಿಸಿದರೆ ನಮ್ಮ ಮನಸ್ಸಿನ ನಕಾಶೆ ಸ್ಪಷ್ಟವಾಗುತ್ತದೆ. ಒಂದು ಖಂಡದ ಹೆಸರೇ ನಮಗೆ ಬೈಗುಳವಾಗಿಬಿಟ್ಟಿದೆ. ಬೈದವರೂ ಬೈಸಿಕೊಂಡವರೂ ಆ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ನಮ್ಮ ನಗರಗಳಲ್ಲಿ ಕಾಲೇಜಿಗೆ ಹೋಗುವ ತಾಂಜಾನಿಯಾದ, ನೈಜೀರಿಯಾದ, ಕಾಂಗೋದ ಯುವಕ ಯುವತಿಯರು ಆ ದಿನದ ಸುದ್ದಿಯನ್ನು ಕೇಳಿ ಏನು ಅಂದುಕೊಂಡಿರಬಹುದು? ಅವರನ್ನು ಯಾರೂ ಕೇಳಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು, ಹಲವರು ಗುಲಾಮರಾಗಿ ತರಲ್ಪಟ್ಟವರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದವರು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದು ಇತ್ತೀಚಿನ ನಂಟೂ ಅಲ್ಲ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಹಬಶಿ ಮೂಲದ ಇಖ್ಲಾಸ್ ಖಾನ್ ವಜೀರನಾಗಿದ್ದ. ದಖ್ಖನ್ನಿನ ಚರಿತ್ರೆಯನ್ನು ಇಥಿಯೋಪಿಯಾ ಮೂಲದ ಮಲಿಕ್ ಅಂಬರನನ್ನು ಬಿಟ್ಟು ಬರೆಯಲಾಗದು. 'ನಾವು ಆಫ್ರಿಕನ್ನರಂತೆ ಕಾಣುವುದಿಲ್ಲ, ಭಾರತೀಯರಂತೆ ಕಾಣುತ್ತೇವೆ' ಎಂದು ಎದೆ ತಟ್ಟಿ ಹೇಳಿದಾಗ ಯಲ್ಲಾಪುರದ ಸಿದ್ದಿ ಹೆಣ್ಣುಮಗಳು ಯಾವ ಸಾಲಿನಲ್ಲಿ ನಿಲ್ಲಬೇಕು? ಆಕೆ ಆಫ್ರಿಕನ್ನಳಂತೆಯೂ ಕಾಣುತ್ತಾಳೆ, ಭಾರತೀಯಳೂ ಹೌದು. ಮನೆಯಲ್ಲಿ ಆಡುವುದು ಕೊಂಕಣಿ ಮಿಶ್ರಿತ ನುಡಿಯೋ ಕನ್ನಡವೋ, ಪಡಿತರ ಚೀಟಿ ಮಾತ್ರ ಕರ್ನಾಟಕದ್ದು. ಅವಮಾನದ ವಿರುದ್ಧದ ನಮ್ಮ ಕೂಗು ಆಕೆಗೆ ಇನ್ನೊಂದು ಅವಮಾನವಾಯಿತು ಎಂಬುದು ಎರಡೂ ಪಕ್ಷಗಳಿಗೆ ಹೊಳೆಯಲೇ ಇಲ್ಲ.

ಹೀಗಾದದ್ದು ಅದೇ ಮೊದಲಲ್ಲ. 2015ರಲ್ಲಿ ಕೇಂದ್ರ ಸಚಿವ ಗಿರಿರಾಜ್ ಸಿಂಗ್ ಅವರು, ರಾಜೀವ್ ಗಾಂಧಿ ನೈಜೀರಿಯಾದ ಹೆಣ್ಣನ್ನು ಮದುವೆಯಾಗಿದ್ದರೆ, ಆಕೆ ಬಿಳಿ ಚರ್ಮದವಳಾಗಿರದಿದ್ದರೆ ಕಾಂಗ್ರೆಸ್ಸಿಗರು ಆಕೆಯ ನಾಯಕತ್ವ ಒಪ್ಪುತ್ತಿದ್ದರೇ ಎಂದು ಕೇಳಿದರು. ಗದ್ದಲವೆದ್ದಿತು. ಲೋಕಸಭೆಯಲ್ಲಿ ಸಚಿವರು ವಿಷಾದ ವ್ಯಕ್ತಪಡಿಸಿದರು. ಆದರೆ ಚರ್ಚೆಯೆಲ್ಲ ನಡೆದದ್ದು ಸೋನಿಯಾ ಗಾಂಧಿಯವರಿಗಾದ ಅವಮಾನದ ಸುತ್ತ. ನೈಜೀರಿಯಾದ ಹೆಣ್ಣು ಆ ಮಾತಿನಲ್ಲಿ ಕೀಳಿನ ಅಳತೆಗೋಲಾಗಿ ನಿಂತಿದ್ದಳು. ಆಕೆಯ ಪರವಾಗಿ ಆ ದೇಶದ ಹೈಕಮಿಷನ್ ತಾನೇ ದನಿಯೆತ್ತಬೇಕಾಯಿತು. ಮುಂದೆ 2019ರಲ್ಲಿ ಗಿರಿರಾಜ್ ಅವರು ಸಂಪುಟ ದರ್ಜೆಗೆ ಏರಿದರು. ಅದೇ 2015ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಜೆಡಿಯು ನಾಯಕ ಶರದ್ ಯಾದವ್ ಅವರು ಬಿಳಿ ಚರ್ಮದ ವ್ಯಾಮೋಹವನ್ನು ಟೀಕಿಸಲು ಹೊರಟು ದಕ್ಷಿಣದ ಹೆಣ್ಣುಮಕ್ಕಳ ಮೈಯನ್ನು ವರ್ಣಿಸುವಲ್ಲಿಗೆ ತಲುಪಿದರು. ಡಿಎಂಕೆಯ ಕನಿಮೊಳಿ ಆಕ್ಷೇಪಿಸಿದರು. ಸದನದಲ್ಲಿ ಕೆಲವರು ನಕ್ಕರು. ನಕ್ಕವರ ಪಕ್ಷ ಯಾವುದು ಎಂದು ಕೇಳುವುದು ವ್ಯರ್ಥ.

ಮಾತು ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಅದು ದುಃಖದ ಸಂಗತಿ. ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಆಕೆಯಿದ್ದ ಕಾರಿಗೆ ಬೆಂಕಿ ಬಿತ್ತು. ಬಟ್ಟೆ ಹರಿದರು ಎಂದು ಆಕೆ ದೂರಿದರು. ಆಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರಕಾರ. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಜನರ ಪ್ರತಿಕ್ರಿಯೆ ಎಂದು ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ಕೇಂದ್ರದ ಬಿಜೆಪಿ ಸರಕಾರದ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಇದನ್ನು ನಾಚಿಕೆಗೇಡಿನ ಘಟನೆ ಎಂದು ಕರೆದು ಕಠಿಣ ಶಿಕ್ಷೆಗೆ ಒತ್ತಾಯಿಸಿದರು.

ಸೂಡಾನ್ ಬೇರೆ, ತಾಂಜಾನಿಯಾ ಬೇರೆ. ಎರಡೂ ದೇಶಗಳಿಗೆ ಗಡಿ ಕೂಡ ತಾಗುವುದಿಲ್ಲ. ಕಾರು ಓಡಿಸಿದವನಿಗೂ ಹೊಡೆತ ತಿಂದವಳಿಗೂ ಇದ್ದ ಸಂಬಂಧ ಒಂದೇ, ಅದು ಮೈಬಣ್ಣ. ಅದೊಂದೇ ಕಾರಣಕ್ಕೆ ಬಿದ್ದ ಹೊಡೆತಕ್ಕೆ ಯಾವ ಹೆಸರಿಡಬೇಕು?

ಹದಿನಾಲ್ಕು ತಿಂಗಳು ಕಳೆದವು. ಗ್ರೇಟರ್ ನೋಯ್ಡಾದಲ್ಲಿ ಹದಿಹರೆಯದ ಹುಡುಗನೊಬ್ಬನ ಸಾವಿನ ಬೆನ್ನಿಗೆ ವದಂತಿಗಳೆದ್ದು ಆಫ್ರಿಕನ್ ವಿದ್ಯಾರ್ಥಿಗಳನ್ನು ಬೀದಿಯಲ್ಲಿ, ಮಾಲ್‌ನಲ್ಲಿ ಅಟ್ಟಾಡಿಸಿ ಹೊಡೆದರು. ಈ ಬಾರಿ ಉತ್ತರ ಪ್ರದೇಶದಲ್ಲಿದ್ದದ್ದು ಬಿಜೆಪಿ ಸರಕಾರ. ಇದು ವಿದೇಶೀಯ ದ್ವೇಷ ಮತ್ತು ಜನಾಂಗೀಯ ದಾಳಿ ಎಂದು ದಿಲ್ಲಿಯಲ್ಲಿದ್ದ ಆಫ್ರಿಕನ್ ದೇಶಗಳ ರಾಯಭಾರಿಗಳು ಒಟ್ಟಾಗಿ ಹೇಳಿಕೆ ಕೊಟ್ಟರು. ತನಿಖೆ ಮುಗಿಯುವ ಮೊದಲು ಇದನ್ನು ಜನಾಂಗೀಯ ಎನ್ನಲಾಗದು ಎಂದು ಸಂಸತ್ತಿನಲ್ಲಿ ಉತ್ತರಿಸಿದವರು ಅದೇ ಸುಷ್ಮಾ ಸ್ವರಾಜ್. ಕಾಂಗ್ರೆಸ್ ಈಗ ಟೀಕಾಕಾರರ ಸಾಲಿನಲ್ಲಿತ್ತು. ಪಾತ್ರಗಳು ಅದಲು ಬದಲಾಗಿದ್ದವು, ಸಂಭಾಷಣೆ ಮಾತ್ರ ಅದೇ ಆಗಿತ್ತು. ಅಧಿಕಾರದಲ್ಲಿ ಇರುವವನಿಗೆ ಅದು ಗಲಾಟೆ, ಇಲ್ಲದವನಿಗೆ ಅದು ಕಳಂಕ.

ನೋಯ್ಡಾ ಘಟನೆಗೆ ಸುಮಾರು ಒಂದು ತಿಂಗಳ ಹಿಂದೆ, 2017ರ ಫೆಬ್ರವರಿಯಲ್ಲಿ, ಅಮೆರಿಕದ ಕನ್ಸಾಸ್ ರಾಜ್ಯದ ಒಲೇಥ ಪಟ್ಟಣದಲ್ಲಿ ಹೈದರಾಬಾದ್ ಮೂಲದ ಇಂಜಿನಿಯರ್ ಒಬ್ಬರನ್ನು ಬಿಳಿಯನೊಬ್ಬ ಗುಂಡಿಟ್ಟು ಕೊಂದಿದ್ದ. ತನ್ನ ದೇಶ ಬಿಟ್ಟು ತೊಲಗು ಎಂದು ಕೂಗಿ ಕೊಂದಿದ್ದ. ಅವನು ಅವರನ್ನು ಇರಾನಿಗರೆಂದು ತಿಳಿದಿದ್ದ. ಮೈಬಣ್ಣ ನೋಡಿ ಒಬ್ಬನ ಬದಲು ಇನ್ನೊಬ್ಬನನ್ನು ಶಿಕ್ಷಿಸುವ ಆ ತರ್ಕ ಬೆಂಗಳೂರಿನ ಗುಂಪಿನ ತರ್ಕಕ್ಕಿಂತ ಯಾವ ರೀತಿಯಲ್ಲಿ ಭಿನ್ನ? ಕನ್ಸಾಸ್‌ನಲ್ಲಿ ಅದನ್ನು ಜನಾಂಗ ದ್ವೇಷವೆಂದು ಕರೆಯಲು ನಮಗೆ ತನಿಖೆ ಮುಗಿಯಬೇಕಾಗಿರಲಿಲ್ಲ. ಅಮೆರಿಕದ ನ್ಯಾಯಾಲಯವೂ ಮರುವರ್ಷ ಅದನ್ನು ದ್ವೇಷಾಪರಾಧವೆಂದೇ ಪರಿಗಣಿಸಿ ಶಿಕ್ಷೆ ವಿಧಿಸಿತು. ನಮ್ಮವರು ಸತ್ತಾಗ ಇರುವ ಶಬ್ದಕೋಶ ನಮ್ಮವರು ಹೊಡೆದಾಗ ಮಾಯವಾಗುತ್ತದೆ.

'ನಮ್ಮವರು' ಎಂಬ ಈ ಪದದ ಪರೀಕ್ಷೆ ಇನ್ನೂ ಹತ್ತಿರದಲ್ಲಿ ಕಾದಿತ್ತು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ ಉಪಚುನಾವಣೆಯ ಪ್ರಚಾರದ ವೇಳೆ ರಾಜ್ಯದ ವಸತಿ ಸಚಿವರಾಗಿದ್ದ ಬಿ.ಝಡ್. ಝಮೀರ್ ಅಹ್ಮದ್ ಖಾನ್ ಅವರು ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿಯವರನ್ನು 'ಕಾಲಿಯಾ' ಎಂದು ಕರೆದರು. ಜೆಡಿಎಸ್ ಇದನ್ನು ಜನಾಂಗೀಯ ನಿಂದನೆ ಎಂದು ಖಂಡಿಸಿ ಸಚಿವರ ವಜಾಕ್ಕೆ ಒತ್ತಾಯಿಸಿತು. ದಿಲ್ಲಿಯ ಬಿಜೆಪಿ ನಾಯಕರೂ ದನಿಗೂಡಿಸಿದರು. ತಾವಿಬ್ಬರೂ ಹಳೆಯ ಗೆಳೆಯರು, ತಾನು ಅವರನ್ನು ಪ್ರೀತಿಯಿಂದ ಕರಿಯಣ್ಣ ಎನ್ನುತ್ತಿದ್ದೆ, ಅವರು ತನ್ನನ್ನು ಕುಳ್ಳ ಎನ್ನುತ್ತಿದ್ದರು ಎಂದು ಝಮೀರ್ ಸಮಜಾಯಿಷಿ ಕೊಟ್ಟರು. ಕೊನೆಗೆ ಕ್ಷಮೆಯನ್ನೂ ಕೇಳಿದರು.

ನಮ್ಮ ಓದುಗರಲ್ಲಿ ಅನೇಕರು ಝಮೀರ್ ಅವರನ್ನು ತಮ್ಮವರೆಂದು ಭಾವಿಸುತ್ತಾರೆ. ಆದ್ದರಿಂದಲೇ ಈ ಮಾತನ್ನು ಇಲ್ಲಿ ನೇರವಾಗಿ ಹೇಳುವುದು ನಮ್ಮ ಕರ್ತವ್ಯ. ಗೆಳೆಯರು ಖಾಸಗಿಯಾಗಿ ಏನೆಂದು ಕರೆದುಕೊಳ್ಳುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ಚುನಾವಣಾ ಕಣದಲ್ಲಿ ಎದುರಾಳಿಯ ಮೇಲೆ ಎಸೆದ ಮಾತು ಪ್ರೀತಿಯದಾಗಿರಲು ಸಾಧ್ಯವಿಲ್ಲ. 'ಕರಿಯ' ಎಂಬುದು ಪ್ರೀತಿಯ ಮಾತೇ ಆಗಿದ್ದರೆ ಎದುರಾಳಿಯನ್ನು ಹಳಿಯುವ ಹೊತ್ತಿನಲ್ಲೇ ಅದು ನಾಲಿಗೆಗೆ ಬಂದದ್ದೇಕೆ? ಖಂಡಿಸಿದ ಬಿಜೆಪಿಯವರು 2017ರಲ್ಲಿ ಎಲ್ಲಿದ್ದರು ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ಆ ಪ್ರಶ್ನೆ ಕೇಳುವ ಹಕ್ಕು, ಝಮೀರ್ ಹೇಳಿದ್ದು ತಪ್ಪು ಎಂದು ಮೊದಲು ಹೇಳಿದವನಿಗೆ ಮಾತ್ರ ಸಲ್ಲುತ್ತದೆ. ಉಡುಪು, ಗಡ್ಡ, ಹೆಸರು, ಊಟ ನೋಡಿ ಅಳೆಯಲ್ಪಡುವ ಸಂಕಟವನ್ನು ದಿನವೂ ಅನುಭವಿಸುವ ಸಮುದಾಯವೊಂದು, ಮೈಬಣ್ಣ ನೋಡಿ ಅಳೆಯುವವರ ಜೊತೆ ನಗುತ್ತಾ ನಿಲ್ಲಲಾಗದು. ನಿಂತರೆ ತನ್ನ ದೂರಿನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ.

ರಾಜಕಾರಣಿಗಳು ಈ ಮಾತುಗಳನ್ನು ಆಕಾಶದಿಂದ ತಂದವರಲ್ಲ. ನಮ್ಮ ಪಡಸಾಲೆಗಳಿಂದಲೇ ಒಯ್ದವರು. 'ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎಂಬ ವಾಕ್ಯ ಕೇಳದ ಮನೆ ಯಾವುದಿದೆ? ಅದರಲ್ಲಿನ 'ಆದರೂ' ಎಂಬ ಪುಟ್ಟ ಪದ ಎಷ್ಟು ಹೆಣ್ಣುಮಕ್ಕಳ ಬಾಲ್ಯವನ್ನು ಕದ್ದಿದೆ! ಮದುವೆ ಜಾಹೀರಾತುಗಳಲ್ಲಿ ಎಣ್ಣೆಗೆಂಪು, ಗೋಧಿ ಬಣ್ಣ ಎಂಬ ಪದಗಳು ಜಾತಿ, ಮತ, ಪಕ್ಷಗಳ ಭೇದವಿಲ್ಲದೆ ಅಚ್ಚಾಗುತ್ತವೆ. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಸಂಸ್ಥೆ ತನ್ನ 'ಫೇರ್ ಆ್ಯಂಡ್ ಲವ್ಲಿ' ಕ್ರೀಮಿನ ಹೆಸರನ್ನು 'ಗ್ಲೋ ಆ್ಯಂಡ್ ಲವ್ಲಿ' ಎಂದು ಬದಲಿಸಿತು. ಹೆಸರು ಬದಲಾಯಿತು, ಕೊಳ್ಳುವವರ ಮನಸ್ಸು ಬದಲಾಯಿತೇ? ಪಿತ್ರೋಡಾ ಅವರ ಕುರ್ಚಿಯೂ ಆ ಡಬ್ಬಿಯಂತೆಯೇ. ಸ್ವಲ್ಪ ದಿನ ಅಂಗಡಿಯಿಂದ ಮರೆಯಾಗಿ ಮತ್ತೆ ಬಂದಿತು.

ಪಕ್ಷಗಳಿಗೆ ಈ ವಿಷಯದಲ್ಲಿ ನಿಜವಾದ ಕಾಳಜಿ ಇದ್ದಿದ್ದರೆ ಮಾಡಬಹುದಾದ ಕೆಲಸವೊಂದು ಕಣ್ಣೆದುರಲ್ಲೇ ಇತ್ತು. 2014ರ ಜನವರಿಯಲ್ಲಿ ದಿಲ್ಲಿಯಲ್ಲಿ ಅರುಣಾಚಲದ ಯುವಕನೊಬ್ಬ ಹಲ್ಲೆಗೆ ಬಲಿಯಾದ ಬಳಿಕ ಅಂದಿನ ಯುಪಿಎ ಸರಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಅದೇ ವರ್ಷ ಜುಲೈನಲ್ಲಿ ಎನ್‌ಡಿಎ ಸರಕಾರಕ್ಕೆ ವರದಿ ಸಲ್ಲಿಕೆಯಾಯಿತು. ಜನಾಂಗದ ಆಧಾರದ ಮೇಲೆ ಅವಮಾನಿಸುವ ಮಾತು, ಸನ್ನೆ, ಕೃತ್ಯಗಳನ್ನು ಪ್ರತ್ಯೇಕ ಅಪರಾಧವಾಗಿಸಲು ದಂಡ ಸಂಹಿತೆಗೆ ಹೊಸ ಕಲಮುಗಳನ್ನು ಸೇರಿಸಬೇಕೆಂದು ಸಮಿತಿ ಶಿಫಾರಸು ಮಾಡಿತ್ತು. ಹತ್ತು ವರ್ಷಗಳ ನಂತರ, 2024ರ ಜುಲೈ 1ರಂದು, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ಜನಾಂಗ, ಜಾತಿ, ಭಾಷೆಯಂಥ ಕಾರಣಕ್ಕೆ ಮಾಡುವ ಕೊಲೆಗೆ ಅದರಲ್ಲಿ ಪ್ರತ್ಯೇಕ ಶಿಕ್ಷೆಯಿದೆ. ಆದರೆ ಬೀದಿಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ದಿನವೂ ನಡೆಯುವ ಆ ಅವಮಾನಕ್ಕೆ ಸಮಿತಿ ಕೇಳಿದ್ದ ಕಲಮು ಬರಲಿಲ್ಲ. ಬಣ್ಣದ ಹೆಸರಲ್ಲಿ ದೇಶವಾಸಿಗಳಿಗೆ ಅವಮಾನವಾದರೆ ಸಹಿಸೆವು ಎಂಬ ಗುಡುಗು ಕೇಳಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ವಿರೋಧ ಪಕ್ಷಗಳಿಗೂ ಆ ಕಲಮನ್ನು ಕೇಳಿ ಸದನ ನಿಲ್ಲಿಸಬೇಕೆಂದು ಅನ್ನಿಸಲಿಲ್ಲ. ಗುಡುಗಿಗೆ ಖರ್ಚಿಲ್ಲ, ಕಾನೂನು ತಂದರೆ ತಮ್ಮವರೂ ಸಿಕ್ಕಿಬೀಳಬಹುದು.

ಇಬ್ಬಂದಿತನವನ್ನು ಬಯಲಿಗೆಳೆಯುವುದು ಪತ್ರಿಕೆಗಳ ಕೆಲಸ ಹೌದು. ಆದರೆ 'ಅವರು ಹೇಳಿದಾಗ ಇವರು ಸುಮ್ಮನಿದ್ದರು, ಇವರು ಹೇಳಿದಾಗ ಅವರು' ಎಂದು ತಕ್ಕಡಿ ತೂಗಿ ಕೈ ತೊಳೆದುಕೊಂಡರೆ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಇರುವುದು ರಾಜಕಾರಣಿಗಳೇ. ಮುಂದಿನ ಸಲ ಇಂಥ ಗದ್ದಲವೆದ್ದಾಗ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಮಾತಿನಲ್ಲಿ ಅಳತೆಗೋಲಾಗಿ ಬಳಕೆಯಾದವರು ಯಾರು? ಅವರ ಬಳಿ ಯಾರಾದರೂ ಕ್ಷಮೆ ಕೇಳಿದರೇ? ಕೋಪಗೊಂಡವರು ತಮ್ಮ ಆಡಳಿತದಲ್ಲಿ ಅಂಥವರಿಗೆ ಹೊಡೆತ ಬಿದ್ದಾಗ ಅದಕ್ಕೆ ಯಾವ ಹೆಸರಿಟ್ಟರು? ಈ ಮೂರಕ್ಕೆ ಉತ್ತರ ಸಿಗುವವರೆಗೆ ಎರಡೂ ಕಡೆಯ ಕೋಪವನ್ನು ನಂಬುವ ಹಂಗು ನಮಗಿಲ್ಲ.

ಯಾರಾದರೂ ನಮ್ಮನ್ನು ನೋಡಿ 'ಆಫ್ರಿಕನ್ನರಂತಿದ್ದೀರಿ' ಎಂದರೆ, 'ಇರಬಹುದು, ಅದರಲ್ಲಿ ತಪ್ಪೇನಿದೆ?' ಎಂದು ಮೈ ಕುಗ್ಗಿಸದೆ ಹೇಳಬಲ್ಲ ದಿನ ಆ ಮಾತಿನ ವಿಷ ತಾನಾಗಿ ಇಳಿದುಹೋಗುತ್ತದೆ. ಅಲ್ಲಿಯವರೆಗೆ ಯಲ್ಲಾಪುರದ ಕಾಡಂಚಿನಲ್ಲಿ ಶಾಲೆಗೆ ಹೋಗುವ ಸಿದ್ದಿ ಮಗುವಿಗೆ, ತನ್ನ ಮುಖದ ಬಗ್ಗೆ ದೇಶ ಯಾಕೆ ಇಷ್ಟು ಸಿಟ್ಟಾಗಿದೆ ಎಂಬುದನ್ನು ವಿವರಿಸುವ ಹೊಣೆ ಎರಡೂ ಪಕ್ಷಗಳ ಮೇಲಿದೆ.